ಗೊಟಗೋಡಿಯಲ್ಲಿ ಗಾಡಿ ನಿಲ್ಲಿಸಿ: ಉತ್ಸವ ರಾಕ್ ಗಾರ್ಡನ್‌ಗೆ ಕೊನೆಗೂ ಹೋಗಿ ಬಂದೆವು

ಹುಬ್ಬಳ್ಳಿ-ಹಾವೇರಿ ರಸ್ತೆಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವೇ ಇಲ್ಲ. ಹೆಂಡತಿಯ ತವರು ಹಾವೇರಿ. ಪ್ರತಿ ಸಲ ಶಿಗ್ಗಾವಿ ಸೀಮೆ ಬಂತು ಅಂದ ಕೂಡಲೇ ಮಗ "ಪಪ್ಪಾ, ರಾಕ್ ಗಾರ್ಡನ್" ಅಂತಾನೆ. ನಾನು "ಬರುವಾಗ ನೋಡೋಣ" ಅಂತೀನಿ. ಬರುವಾಗ ಕತ್ತಲಾಗಿರುತ್ತದೆ. ಹೀಗೇ ನಾಲ್ಕೈದು ವರ್ಷ ಹೋಯಿತು.

ಕಳೆದ ತಿಂಗಳು ಭಾವನ ಮನೆಯಲ್ಲಿ ನಿಶ್ಚಿತಾರ್ಥ, ಅದೂ ಸಂಜೆಗೆ. ನಾವು ಧಾರವಾಡದಿಂದ ಬೆಳಿಗ್ಗೆಯೇ ಹೊರಟೆವು. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ, ಅಂದರೆ ನನ್ನ ಅಪ್ಪನ ತಂಗಿ. ವಯಸ್ಸು 74. ಕುಂದಗೋಳ ಕಡೆಯ ಹಳ್ಳಿಯಲ್ಲಿ ಬಾಳ್ವೆ ಮಾಡಿದವರು, ಈಗ ನಮ್ಮ ಜೊತೆ ಇದ್ದಾರೆ. ಅವರು ಜೊತೆಗಿದ್ದದ್ದಕ್ಕೇ ಈ ವಿಮರ್ಶೆ ಬರೆಯಬೇಕು ಅನ್ನಿಸಿತು, ಇಲ್ಲದಿದ್ದರೆ ನಾಲ್ಕು ಫೋಟೊ ಹಾಕಿ ಸುಮ್ನೆ ಆಗುತ್ತಿದ್ದೆ.

ಮೊದಲು ವರೂರಿನಲ್ಲಿ ನಿಂತೆವು. ಗಬ್ಬೂರು ದಾಟಿ ಬೆಂಗಳೂರು ದಿಕ್ಕಿಗೆ ಹೊರಟರೆ ಹೆದ್ದಾರಿ ಬದಿಯಲ್ಲೇ ನವಗ್ರಹ ತೀರ್ಥ ಅನ್ನುವ ಜೈನ ಕ್ಷೇತ್ರ ಸಿಗುತ್ತದೆ. ಪಾರ್ಶ್ವನಾಥನ ವಿಗ್ರಹ 61 ಅಡಿ, ಕೆಳಗಿನ ಪೀಠ 48 ಅಡಿ, ಎರಡೂ ಸೇರಿ 109 ಅಡಿ. ಅಕ್ಕಪಕ್ಕ ನವಗ್ರಹಗಳ ಲೆಕ್ಕದಲ್ಲಿ ಉಳಿದ ಎಂಟು ತೀರ್ಥಂಕರರು. 2025ರ ಜನವರಿಯಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ಆಯಿತಲ್ಲ, ಆಗಲೇ 405 ಅಡಿಯ ಸುಮೇರು ಪರ್ವತ ಅನ್ನುವ ಕಟ್ಟಡವನ್ನೂ ಲೋಕಾರ್ಪಣೆ ಮಾಡಿದ್ದು. ದೊಡ್ಡ ಮೂರ್ತಿ ನೋಡಬೇಕು ಅನ್ನೋರಿಗೆ ಈ ದಾರಿಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಮಗ ಕತ್ತು ಎತ್ತಿ ನೋಡಿ "ಅಬ್ಬಾ" ಅಂದ, ಅತ್ತೆ ಕೈ ಮುಗಿದರು, ಹತ್ತು-ಹದಿನೈದು ನಿಮಿಷದಲ್ಲಿ ಮತ್ತೆ ಗಾಡಿ ಹತ್ತಿದೆವು. ದೊಡ್ಡ ಮೂರ್ತಿಗಳ ಕಥೆಯೇ ಹಾಗೆ. ಗದಗಿನ ಭೀಷ್ಮ ಕೆರೆಯ ಬಸವಣ್ಣನ ಮುಂದೆ ನಿಂತಾಗಲೂ ನನಗೆ ಹೀಗೇ ಆಗಿತ್ತು. ನೋಡಿ ಬೆರಗಾಗುತ್ತೀವಿ, ಆಮೇಲೆ ಅಲ್ಲಿ ನಿಂತು ಏನು ಮಾಡಬೇಕೋ ಗೊತ್ತಾಗುವುದಿಲ್ಲ.

ನಡುವೆ ಒಂದು ಕಡೆ ಮಿರ್ಚಿ-ಗಿರಮಿಟ್ ತಿಂದೆವು. ಮಂಡಕ್ಕಿ ಮೆತ್ತಗಾಗಿತ್ತು, ಮಿರ್ಚಿ ಎಣ್ಣೆ ಕುಡಿದಿತ್ತು. ಹೆಸರು ಹೇಳುವುದಿಲ್ಲ ಬಿಡಿ, ಹೆದ್ದಾರಿಯಲ್ಲಿ ಇಂಥವು ಬೇಕಾದಷ್ಟಿವೆ. ಮನೆಯಿಂದ ರೊಟ್ಟಿ-ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದೇ ಲೇಸು.

ಇನ್ನು ಗೊಟಗೋಡಿಯ ರಾಕ್ ಗಾರ್ಡನ್. ಹೆಸರು ನೋಡಿ ಮೋಸ ಹೋಗಬೇಡಿ. ರಾಕ್ ಗಾರ್ಡನ್ ಅಂದರೆ ಚಂಡೀಗಡದ ಹಾಗೆ ಒಡೆದ ಬಳೆ, ಹೆಂಚಿನ ಚೂರಿನಲ್ಲಿ ಮಾಡಿದ ಬೊಂಬೆಗಳು ಇರಬೇಕು ಅಂದುಕೊಂಡಿದ್ದೆ. ಇಲ್ಲಿರೋದು ಒಂದು ಇಡೀ ಊರು! ನಮ್ಮ ಕಡೆಯ ಊರು, ಟ್ರ್ಯಾಕ್ಟರ್ ಬರುವ ಮುಂಚಿನದ್ದು. ಗೌಡರ ವಾಡೆ, ಕುಂಬಾರರ ಮನೆ, ಕಮ್ಮಾರನ ಕುಲುಮೆ, ಕಟ್ಟೆ, ದನಕರ. ಅಲ್ಲಲ್ಲಿ ಮನುಷ್ಯರು, ಎಲ್ಲಾ ನಮ್ಮಷ್ಟೇ ಎತ್ತರ. ಸಾವಿರಕ್ಕೂ ಜಾಸ್ತಿ ಶಿಲ್ಪಗಳಿವೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು ಇದು. ಅವರು 2020ರಲ್ಲಿ ತೀರಿಕೊಂಡರು. ಬಯಲಾಟದ ಹುಚ್ಚೂ ಅವರಿಗಿತ್ತು, ಕರ್ನಾಟಕ ಬಯಲಾಟ ಅಕಾಡೆಮಿಗೆ ಅಧ್ಯಕ್ಷರಾಗಿದ್ದರು. ಒಳಗೆ ಓಡಾಡುವಾಗ ಅದು ಗೊತ್ತಾಗುತ್ತದೆ. ಯಾವ ಬೊಂಬೆಯೂ ಸುಮ್ನೆ ನಿಂತಿಲ್ಲ, ಎಲ್ಲರಿಗೂ ಒಂದೊಂದು ಪಾತ್ರ ಇದೆ, ಒಬ್ಬರ ಮುಖ ಇನ್ನೊಬ್ಬರ ಹಾಗಿಲ್ಲ.

ಅತ್ತೆ ಮೊದಲು ಅರ್ಧ ಮನಸ್ಸಿನಿಂದಲೇ ಇಳಿದಿದ್ದರು. "ಬಿಸಲಾಗ ಗೊಂಬಿ ನೋಡಾಕ ರೊಕ್ಕಾ ಕೊಡ್ತೀರೇನು?" ಅಂತ ಟಿಕೆಟ್ ಕೌಂಟರ್ ಎದುರಿಗೇ ಕೇಳಿದರು. ಒಳಗೆ ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಅಡುಗೆಮನೆಯಲ್ಲಿ ಒಲೆ ಮುಂದೆ ರೊಟ್ಟಿ ಬಡಿಯುತ್ತಾ ಕೂತ ಹೆಂಗಸಿನ ಎದುರು ನಿಂತುಬಿಟ್ಟರು. ನಾವು ಮುಂದೆ ಹೋಗಿದ್ದವರು ತಿರುಗಿ ಬಂದರೂ ಅಲ್ಲೇ ಇದ್ದರು. ಮೈ ಬಗ್ಗಿಸಿ ಅವಳ ಕೈ ನೋಡುತ್ತಿದ್ದರು.

"ಇದನ್ನ ಮಾಡಿದಂವಾ ಒಲಿ ಮುಂದ ಕುಂತು ನೋಡ್ಯಾನ" ಅಂದರು.

ಏನು ಅಂತ ಕೇಳಿದೆ. ನನಗೂ ಮಗನಿಗೂ ತೋರಿಸಿಕೊಟ್ಟರು. ಒಂದು ಕೈ ಬಡಿಯುವುದು ಎಲ್ಲರಿಗೂ ಕಾಣುತ್ತದೆ, ಇನ್ನೊಂದು ಕೈ ರೊಟ್ಟಿಯ ಅಂಚು ಹಿಡಿದು ತಿರುಗಿಸುತ್ತಾ ಇರಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ನಾನು ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವನು, ಆ ಎರಡನೇ ಕೈಯನ್ನು ಒಂದು ದಿನವೂ ಗಮನಿಸಿರಲಿಲ್ಲ. ಅತ್ತೆ ಅಲ್ಲೇ ನಿಂತು ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದರು. ಪಕ್ಕದಲ್ಲಿ ಶಾಲೆ ಪ್ರವಾಸಕ್ಕೆ ಬಂದ ಹುಡುಗಿಯರು ನಿಂತು ನೋಡಿದರು, ಒಬ್ಬಳು ವಿಡಿಯೊ ಬೇರೆ ಮಾಡಿಕೊಂಡಳು.

ಅಲ್ಲಿಂದ ಮುಂದೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ಬೀಸುವ ಕಲ್ಲಿನ ಹತ್ತಿರ ಒಂದು ಕಥೆ, ಕುಲುಮೆ ಹತ್ತಿರ ಇನ್ನೊಂದು. ಮುಂಗಾರಿಗೆ ಮುಂಚೆ ಕೂರಿಗೆ, ಕುಂಟೆ ಎಲ್ಲಾ ಹೊತ್ತುಕೊಂಡು ಕಮ್ಮಾರನ ಮನೆ ಮುಂದೆ ಸಾಲು ಹಿಡಿಯೋದು, ಆಯಕ್ಕೆ ಅಂತ ಸುಗ್ಗಿಯಲ್ಲಿ ಅವನಿಗೆ ಜೋಳ ಅಳೆದು ಕೊಡೋದು. ಮಗ ನಡುವೆ "ಕೂರಿಗೆ ಅಂದ್ರೆ ಏನು?" ಅಂದ. ಬಿತ್ತುವ ಸಾಧನ ಅಂತ ನಾನು ಒಂದು ಮಾತಿನಲ್ಲಿ ಮುಗಿಸಿದ್ದೆ. ಅತ್ತೆ ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದರು, ಕಾಳು ಸುರಿಯುವ ಬಟ್ಟಲು, ಅದರಿಂದ ಇಳಿಯುವ ಕೊಳವೆಗಳು, ಕೆಳಗಿನ ತಾಳು. ನಿಜ ಹೇಳಬೇಕೆಂದರೆ ನನಗೂ ಅದು ಅವತ್ತೇ ಸರಿಯಾಗಿ ಅರ್ಥವಾಗಿದ್ದು.

ಒಂದು ತಮಾಷೆ ಆಯಿತು. ಕಟ್ಟೆ ಮೇಲೆ ರುಮಾಲು ಸುತ್ತಿಕೊಂಡು ಒಬ್ಬರು ಅಜ್ಜ ಕೂತಿದ್ದರು, ಕಣ್ಣು ಅರ್ಧ ಮುಚ್ಚಿ. ಅಷ್ಟರಲ್ಲಾಗಲೇ ನೂರಾರು ಬೊಂಬೆ ನೋಡಿದ್ದ ಮಗ ಸೀದಾ ಹೋಗಿ ಅವರ ಮೀಸೆ ಮುಟ್ಟಿದ. ಅಜ್ಜ ಕಣ್ಣು ಬಿಟ್ಟು "ಏನಪಾ?" ಅಂದರು. ಯಾವುದೋ ಊರಿಂದ ನಮ್ಮ ಹಾಗೇ ನೋಡಲು ಬಂದು, ಸುಸ್ತಾಗಿ ಕೂತವರು. ಮಗ ಕಿರುಚಿದ್ದಕ್ಕೆ ಅಜ್ಜನೇ ಹೆದರಿದರು. ಆಮೇಲೆ ಇಬ್ಬರೂ ಸೇರಿ ಒಂದು ಫೋಟೊ ತೆಗೆಸಿಕೊಂಡರು.

ಡಾ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳ ಶಿಲ್ಪಗಳೂ ಇವೆ, ಜಾಸ್ತಿ ಸೆಲ್ಫಿ ನಡೆಯೋದು ಅಲ್ಲೇ. ಆಧುನಿಕ ಕಲೆಯ ಭಾಗವೂ ಇದೆ. ನನಗೆ ಅವೆರಡಕ್ಕಿಂತ ಊರೇ ಹಿಡಿಸಿತು. ಹೆಂಡತಿ ಇದನ್ನು ಒಪ್ಪುವುದಿಲ್ಲ, ಅಣ್ಣಾವ್ರ ಮುಂದೆ ಅವಳದ್ದೇ ಏಳು ಫೋಟೊ ಇವೆ.

ಹೋಗುವವರಿಗೆ ಒಂದೆರಡು ಮಾತು. ಒಂದು ಗಂಟೆಯಲ್ಲಿ ಮುಗಿಸುತ್ತೇನೆ ಅಂತ ಹೋಗಬೇಡಿ, ನಮಗೆ ಮೂರು ಗಂಟೆ ಹಿಡಿಯಿತು. ನಾವು ಮಾಡಿದ ತಪ್ಪೇನೆಂದರೆ ನಡು ಮಧ್ಯಾಹ್ನ ಒಳಗಿದ್ದದ್ದು. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಇದ್ದುಬಿಡಿ. ನಡೆಯುವುದು ಬಹಳ ಇದೆ, ಮಂಡಿನೋವು ಇರುವವರಿಗೆ ಕೂತು ಕೂತು ಹೋಗುವಷ್ಟು ಸಮಯ ಕೊಡಿ. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಹಳ್ಳಿ ಕಂಡ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಮಕ್ಕಳನ್ನಷ್ಟೇ ಕರೆದುಕೊಂಡು ಹೋದರೆ ಅವರಿಗೆ ಅದು ಬೊಂಬೆ ಮನೆ, ಅಷ್ಟೇ. ಜಾನಪದ ವಿಶ್ವವಿದ್ಯಾಲಯ ಇರುವುದೂ ಗೊಟಗೋಡಿಯಲ್ಲೇ, ಆದರೆ ಅವತ್ತಿನ ಮಟ್ಟಿಗೆ ನಮ್ಮ ವಿಶ್ವವಿದ್ಯಾಲಯ ನಮ್ಮ ಜೊತೆಯಲ್ಲೇ ನಡೆದು ಬರುತ್ತಿತ್ತು.

ಹೊರಗೆ ಬಂದಾಗ ಎರಡೂವರೆ. ನೇರ ಹಾವೇರಿಗೆ ಹೋಗಿದ್ದರೆ ಸರಿಹೋಗುತ್ತಿತ್ತು. ಆದರೆ ಅತ್ತೆಗೆ ಈಗ ಹುರುಪು ಬಂದಿತ್ತು. "ಸವಣೂರಾಗ ದೊಡ್ಡ ಹುಣಸಿಮರ ಅದಾವ, ಅವನೂ ನೋಡೂಣು" ಅಂದರು. ಬಂಕಾಪುರದ ಕೋಟೆ, ಅದರೊಳಗಿನ 66 ಕಂಬದ ನಗರೇಶ್ವರ ಗುಡಿ, ಅಲ್ಲಿನ ನವಿಲುಧಾಮ ಎಲ್ಲಾ ದಾರಿಯಲ್ಲೇ ಇದ್ದರೂ ಮುಂದಿನ ಸಲಕ್ಕೆ ಬಿಟ್ಟು ಸವಣೂರಿಗೆ ತಿರುಗಿಸಿದೆ.

ದೊಡ್ಡಹುಣಸೆ ಕಲ್ಮಠದ ಆ ಮರಗಳು ನಮ್ಮ ಹುಣಸೆ ಜಾತಿಯಲ್ಲ, ಆಫ್ರಿಕಾದ ಬಾವೊಬಾಬ್. ಇರುವುದು ಮೂರು. ಬುಡ ನೋಡಿದರೆ ಮರ ಅನ್ನಿಸುವುದಿಲ್ಲ, ಆನೆ ಮಂಡಿಯೂರಿ ಕೂತ ಹಾಗೆ, ತೊಗಟೆ ಮಡಿಕೆ ಮಡಿಕೆ. ಬೆಳಿಗ್ಗೆಯಿಂದ ಸಿಮೆಂಟು, ಕಲ್ಲು ನೋಡಿ ಬಂದ ಕಣ್ಣಿಗೆ ಇವನ್ನೂ ಯಾರೋ ಕೂತು ಕಡೆದಿದ್ದಾರೆ ಅನ್ನಿಸಿತು. 2023ರಲ್ಲಿ ಮಳೆಗಾಲದಲ್ಲಿ ಇವುಗಳಲ್ಲಿ ಒಂದು ಮರ ಉರುಳಿ ಬಿದ್ದಿತ್ತು, ಅದನ್ನು ಎತ್ತಿ ಮತ್ತೆ ನೆಟ್ಟು ನಿಲ್ಲಿಸಿದರು. ಅತ್ತೆ ಅಂಗೈಯಿಂದ ಬುಡ ತಟ್ಟಿ ನೋಡಿದರು, ರೊಟ್ಟಿ ಬಡಿದ ಹಾಗೆ.

ಹಾವೇರಿ ಮುಟ್ಟುವಾಗ ಆರು ದಾಟಿತ್ತು, ಉಡಿ ತುಂಬುವ ಶಾಸ್ತ್ರ ಅರ್ಧ ಆಗಿತ್ತು. ಭಾವ ಬಾಗಿಲಲ್ಲೇ ನಿಂತಿದ್ದರು. "ತೊಂಬತ್ತು-ನೂರು ಕಿಲೋಮೀಟರ್ ಬರಾಕ ಇಡೀ ದಿನಾ ಬೇಕಾತೇನ್ರಿ?" ಅಂದರು. ಅತ್ತೆ ಚೀಲದಿಂದ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣ ತೆಗೆದು ಅವರ ಕೈಗಿಟ್ಟು, ಏನೂ ಹೇಳದೆ ಒಳಗೆ ಹೋದರು.