ಆಡ್‌ಬ್ಲಾಕ್ ಪ್ಲಸ್ ಹಾಕಿಕೊಳ್ಳುವುದಾ, ಯುಬ್ಲಾಕ್ ಒರಿಜಿನ್ನಾ?

ಶಿರಸಿ ಕಡೆಯ ನಮ್ಮ ಹಳ್ಳಿಯಲ್ಲಿ ಮಳೆಗಾಲಕ್ಕೆ ನೆಟ್‌ವರ್ಕ್ ಸಿಗುವುದೇ ಕಷ್ಟ. ಅಡಿಕೆ ದರ ನೋಡೋಣ ಅಂದರೆ ಮೊದಲು ಜಾಹೀರಾತಿನ ವಿಡಿಯೊ. ಖರ್ಚಾಗುವ ಡೇಟಾ ನಮ್ಮದು, ಅಲ್ವಾ? ಜಾಹೀರಾತು ತಡೆಯುವುದು ತಪ್ಪಲ್ಲ. ಬ್ರೌಸರ್‌ಗೆ ಸೇರಿಸಿಕೊಳ್ಳುವ ಈ ಎರಡೂ ಸಾಧನಗಳು ಅದನ್ನೇ ಮಾಡುತ್ತವೆ.

ಆಡ್‌ಬ್ಲಾಕ್ ಪ್ಲಸ್ 2011ರಿಂದ ಕಿರಿಕಿರಿ ಮಾಡದ ಕೆಲವು ಜಾಹೀರಾತನ್ನು ತಡೆಯದೆ ಬಿಡುತ್ತದೆ. ತಾಣ ನಡೆಸುವವರಿಗೆ ನಾಲ್ಕು ಕಾಸು ಸಿಗುತ್ತದೆ, ಒಳ್ಳೆಯದೇ. ಆದರೆ ಹಾಗೆ ಬಿಡಲು ದೊಡ್ಡ ಕಂಪನಿಗಳಿಂದ ಹಣ ಪಡೆಯುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಯುಬ್ಲಾಕ್ ಒರಿಜಿನ್ ದೇಣಿಗೆಯನ್ನೂ ಕೇಳುವುದಿಲ್ಲ. ನಮ್ಮ ಬೆನ್ನು ಹತ್ತುವ ಟ್ರ್ಯಾಕರ್‌ಗಳನ್ನೂ ತಡೆಯುತ್ತದೆ. ತೊಂದರೆ ಒಂದೇ: ಊರಿನ ಸಣ್ಣ ಸುದ್ದಿತಾಣದ ಆದಾಯಕ್ಕೂ ಕತ್ತರಿ ಬೀಳುತ್ತದೆ. ನಮ್ಮ ಘಟ್ಟದ ರಸ್ತೆ ಕುಸಿದರೆ ಮೊದಲು ತಿಳಿಸುವವರು ಅವರೇ. ಹಾಗಾಗಿ ನಾನು ಯುಬ್ಲಾಕ್ ಒರಿಜಿನ್ನೇ ಹಾಕಿಕೊಂಡು, ಕಾರವಾರ, ಶಿರಸಿ ಸುದ್ದಿಯ ತಾಣಗಳಲ್ಲಿ ಮಾತ್ರ ಆಫ್ ಮಾಡಿಟ್ಟಿದ್ದೇನೆ. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ.