ಕೋಳಿ ಅಂಗಳಕ್ಕೆ ಹೊಯಿಗೆಯೋ, ಅಡಿಕೆ ಸಿಪ್ಪೆಯೋ, ತರಗೆಲೆಯೋ?

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಮೊದಲೆಲ್ಲ ಕೋಳಿಗೆ ಬೇರೆ ಅಂಗಳ ಅಂತ ಇರಲಿಲ್ಲ. ಬೆಳಗ್ಗೆ ಗೂಡಿನ ಬಾಗಿಲು ತೆರೆದರೆ ತೋಟವೆಲ್ಲ ಅವುಗಳದ್ದೇ. ಈಗ ಹಾಗಿಲ್ಲ. ಬೀದಿ ನಾಯಿಗಳು ಜಾಸ್ತಿ, ಮುಂಗುಸಿಯ ಕಾಟ ಇದ್ದೇ ಇದೆ, ಪಕ್ಕದವರ ತರಕಾರಿ ಸಾಲಿಗೆ ಹೊಕ್ಕರೆ ಮಾತು ಕೇಳಬೇಕು. ಹಾಗಾಗಿ ತುಂಬ ಮನೆಗಳಲ್ಲಿ ಹಿತ್ತಿಲಿಗೆ ಬಲೆ ಕಟ್ಟಿ ಕೋಳಿಗಳನ್ನು ಅದರೊಳಗೇ ಬಿಡುತ್ತಾರೆ. ನಾವೂ ಹಾಗೇ ಮಾಡಿದ್ದೇವೆ. ಕೆಲವು ಊರಿನ ಕೋಳಿ, ಕೆಲವು ಹಿತ್ತಿಲಲ್ಲಿ ಸಾಕುವ ಗ್ರಾಮಶ್ರೀ ತಳಿ.

ಒಂದು ಕೋಳಿಗೆ ಒಂದು ಚದರ ಮೀಟರಿನಷ್ಟಾದರೂ ಅಂಗಳ ಬೇಕು. ಆದರೆ ಜಾಗ ಕೊಟ್ಟರಷ್ಟೇ ಸಾಲದು. ಕೋಳಿ ಹುಟ್ಟಾ ಕೆದಕುವ ಪ್ರಾಣಿ. ಪಾತ್ರೆ ತುಂಬ ಅಕ್ಕಿ ಇಟ್ಟರೂ ಪಕ್ಕದ ಮಣ್ಣು ಕೆದಕಿ, ಹುಡುಕಿ ತಿನ್ನಲು ಹೋಗುತ್ತದೆ. ಆ ಕೆಲಸ ಸಿಗದಿದ್ದರೆ ಒಂದರ ಗರಿಯನ್ನು ಇನ್ನೊಂದು ಕುಕ್ಕಲು ಶುರುಮಾಡುತ್ತದೆ. ಬಲೆಯೊಳಗೆ ಹುಲ್ಲು ಬೇಗನೆ ಖಾಲಿ. ಆಮೇಲೆ ಉಳಿಯುವುದು ಮುರಕಲ್ಲಿನ ಕೆಂಪು ನೆಲ. ಬೇಸಿಗೆಯಲ್ಲಿ ಅದು ಗಟ್ಟಿ, ಮಳೆಗಾಲದಲ್ಲಿ ಬರೀ ಕೆಸರು. ಆದ್ದರಿಂದ ನಾನು ಮೊದಲು ಹೋಲಿಸಿ ನೋಡಿದ್ದು ಆಟದ ಸಾಮಾನುಗಳನ್ನಲ್ಲ, ಕಾಲಡಿಯ ಹಾಸನ್ನು.

ಹೊಯಿಗೆಯ (ಮರಳಿನ) ದೊಡ್ಡ ಗುಣ ಶುಚಿ. ನೀರು ಬೇಗ ಬಸಿಯುತ್ತದೆ, ಹಿಕ್ಕೆ ಮೇಲೆಯೇ ಒಣಗುತ್ತದೆ, ಹಲ್ಲುಗೋರೆಯಲ್ಲಿ ಎಳೆದು ತೆಗೆಯಬಹುದು. ಬಿಸಿಲಿನ ತಿಂಗಳುಗಳಲ್ಲಿ ಕೋಳಿಗಳು ಅದರಲ್ಲಿ ಹೊಂಡ ಮಾಡಿ ಮೈ ಹೊರಳಿಸುವುದನ್ನು ನೋಡಲು ಖುಷಿ. ಆದರೆ ಕೆದಕಿದರೆ ಒಳಗೆ ಏನೂ ಸಿಗುವುದಿಲ್ಲ. ಹುಳವಿಲ್ಲ, ಬೀಜವಿಲ್ಲ. ಸ್ವಲ್ಪ ಹೊತ್ತು ಕೆದಕಿ ಸುಮ್ನೆ ನಿಂತುಬಿಡುತ್ತವೆ. ಮಧ್ಯಾಹ್ನ ನೆರಳಿಲ್ಲದ ಕಡೆ ಹೊಯಿಗೆ ಕಾದು ಕಾಲಿಡಲೂ ಆಗುವುದಿಲ್ಲ. ಈಗ ಹೊಯಿಗೆಯ ಬೆಲೆಯೂ ಸಣ್ಣದಲ್ಲ. ಇಡೀ ಅಂಗಳಕ್ಕೆ ಹಾಕಲು ನನಗೆ ಮನಸ್ಸಿಲ್ಲ.

ತರಗೆಲೆಯದ್ದು ಇದಕ್ಕೆ ಪೂರ್ತಿ ಉಲ್ಟಾ. ಖರ್ಚಿಲ್ಲ. ಹಲಸು, ಮಾವು, ಗೇರು ಮರದ ಕೆಳಗೆ ಗುಡಿಸಿದರೆ ಬುಟ್ಟಿಗಟ್ಟಲೆ ಸಿಗುತ್ತದೆ. ಒಂದು ಬುಟ್ಟಿ ತಂದು ಸುರಿದರೆ ಸಾಕು, ಎಲ್ಲವೂ ಓಡಿ ಬರುತ್ತವೆ. ಎಲೆ ಮಗುಚಿ ಇರುವೆ ಮೊಟ್ಟೆ, ಗೆದ್ದಲು, ಸಣ್ಣ ಹುಳ ಹೆಕ್ಕುತ್ತವೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ, ಅದು ಬದುಕುವುದೇ ಕಾಡಿನ ತರಗೆಲೆ ಕೆದಕಿ. (ನಮ್ಮ ಗುಡ್ಡದ ಬದಿಯಲ್ಲಿ ಕೂಗುವ ಬೂದು ಕಾಡುಕೋಳಿಯ ಪಾಲೂ ಸ್ವಲ್ಪ ಇದೆ. ಸಾಕುಕೋಳಿಯ ಹಳದಿ ಕಾಲಿನ ಗುಣ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ಸಂಶೋಧಕರು ತೋರಿಸಿದರು. ನನಗೆ ಇದು ತುಂಬ ಇಷ್ಟವಾದ ಸಂಗತಿ.) ಖುಷಿಯ ವಿಷಯದಲ್ಲಿ ತರಗೆಲೆಗೆ ಸಮ ಇಲ್ಲ. ತೊಂದರೆ ಇರುವುದು ಮಳೆಗಾಲದಲ್ಲಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತರಗೆಲೆ ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತದೆ. ಅಡಿಯಲ್ಲಿ ಬೂಸ್ಟು ಬರುತ್ತದೆ. ಬೂಸ್ಟಿನ ಗಾಳಿ ಮರಿಗಳ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಹಾಸಿನಲ್ಲಿ ರಕ್ತಭೇದಿಯ ರೋಗಾಣುವೂ ಬೇಗ ಬಲಿಯುತ್ತದೆ, ಅದಕ್ಕೆ ಬೇಕಾದದ್ದೇ ತೇವ ಮತ್ತು ಸೆಕೆ.

ಮೂರನೆಯದು ಅಡಿಕೆ ಸಿಪ್ಪೆ. ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದ ಮೇಲೆ ಉಳಿಯುವ ಒಣ ಸಿಪ್ಪೆ ನಮ್ಮಲ್ಲಿ ಯಾವ ಮನೆಯಲ್ಲಿಲ್ಲ ಹೇಳಿ? ಹೆಚ್ಚಿನವರು ಒಲೆಗೆ ಹಾಕುತ್ತಾರೆ, ಇಲ್ಲ ಬುಡಕ್ಕೆ ಹಾಕುತ್ತಾರೆ. ಅದರ ನಾರು ಗಟ್ಟಿ, ಬೇಗ ಕೊಳೆಯುವುದಿಲ್ಲ. ಒಂದು ಗೇಣು ದಪ್ಪಕ್ಕೆ ಹಾಸಿದರೆ ಕಾಲಿಗೆ ಮೆತ್ತಗೆ, ಮಳೆನೀರು ಸಂದಿಯಿಂದ ಕೆಳಗೆ ಇಳಿಯುತ್ತದೆ, ಮೇಲ್ಭಾಗ ಬೇಗ ಒಣಗುತ್ತದೆ. ಹೊಸತರಲ್ಲಿ ಕೋಳಿಗಳಿಗೆ ಅದರಲ್ಲಿ ಆಸಕ್ತಿ ಕಮ್ಮಿ. ಅಡಿಯ ಪದರ ಕೊಳೆಯಲು ಶುರುವಾದ ಮೇಲೆ ನೋಡಿ, ಎರೆಹುಳ ಬರುತ್ತದೆ, ಮತ್ತೆ ಇಡೀ ದಿನ ಅಲ್ಲೇ.

ತೆಂಗಿನ ನಾರಿನ ಪುಡಿಯನ್ನೂ ನೋಡಿದೆ. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಾಡಿನ ಅಡಿಯಲ್ಲಿ, ಮೊಟ್ಟೆ ಇಡುವ ಜಾಗಕ್ಕೆ ಅದು ಒಳ್ಳೆಯದು. ತೆರೆದ ಅಂಗಳಕ್ಕೆ ಆ ಗುಣವೇ ತೊಂದರೆ.

ನನ್ನ ತೀರ್ಮಾನ ಹೀಗೆ: ಅಂಗಳಕ್ಕೆಲ್ಲ ಅಡಿಕೆ ಸಿಪ್ಪೆ. ಅದರ ಮೇಲೆ ಬೇಸಿಗೆಯಲ್ಲಿ ಆಗಾಗ ಒಂದು ಬುಟ್ಟಿ ತರಗೆಲೆ, ಮಳೆಗಾಲದಲ್ಲಿ ಬೇಡ. ಹೊಯಿಗೆ ಒಂದು ಮೂಲೆಗೆ ಸಾಕು. ಮಾಡಿನ ಅಡಿಯಲ್ಲಿ ಹಳೆ ಟಯರು ಇಟ್ಟು, ಹೊಯಿಗೆ, ಒಣ ಮಣ್ಣು, ಒಲೆಯ ಬೂದಿ ಸೇರಿಸಿ ತುಂಬಿಸಿ. ಮಣ್ಣಿನಲ್ಲಿ ಹೊರಳುವುದು ಕೋಳಿಗೆ ಸ್ನಾನ. ಗರಿಯ ಎಣ್ಣೆ ಜಿಡ್ಡು ಹೋಗುತ್ತದೆ, ಹೇನು ಕಮ್ಮಿಯಾಗುತ್ತದೆ. ಜಡಿಮಳೆಯ ವಾರಗಳಲ್ಲಿ ಒಣ ಮಣ್ಣು ಬೇರೆಲ್ಲೂ ಸಿಗುವುದಿಲ್ಲ, ಆಗ ಆ ಟಯರಿಗೆ ಕೋಳಿಗಳು ಸರದಿ ಕಾಯುತ್ತವೆ.

ನೆರಳಿನ ಲೆಕ್ಕ ಬೇರೆ. ಕೋಳಿಗೆ ಬೆವರುವುದಿಲ್ಲ. ಸೆಕೆಯಾದರೆ ಬಾಯಿ ಬಿಟ್ಟು ಏದುಸಿರು ಬಿಡುತ್ತದೆ, ರೆಕ್ಕೆ ಅಗಲಿಸಿ ನಿಲ್ಲುತ್ತದೆ. ಹಸಿರು ಶೇಡ್ ನೆಟ್ ಕಟ್ಟುವುದು ಸುಲಭ, ಆದರೆ ಅಡಿಯಲ್ಲಿ ಬಿಸಿ ಇದ್ದೇ ಇರುತ್ತದೆ. ಹೆಣೆದ ತೆಂಗಿನ ಮಡಲು ತಂಪು, ಪ್ರತಿ ವರ್ಷ ಬದಲಾಯಿಸುವ ಕೆಲಸ. ನನಗೆ ಹಿಡಿಸಿದ್ದು ತೊಂಡೆ ಚಪ್ಪರ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಅದರ ಅಡಿಯಲ್ಲಿ ಕೈಯಿಟ್ಟರೇ ವ್ಯತ್ಯಾಸ ಗೊತ್ತಾಗುತ್ತದೆ. ಗಿಡುಗನ ಕಣ್ಣಿಗೂ ಮರೆ. ಬಳ್ಳಿಯ ಬುಡವನ್ನು ಮಾತ್ರ ಬಲೆಯ ಹೊರಗೆ ನೆಡಿ, ಒಳಗಿದ್ದರೆ ಬುಡವೇ ಕೆದಕಿ ಹೋಗುತ್ತದೆ. ಮಳೆಗಾಲಕ್ಕೆ ಅಂಗಳದ ಅರ್ಧ ಭಾಗಕ್ಕಾದರೂ ಅಡಿಕೆ ಒಣಗಿಸುವ ಹಳೆ ಪ್ಲಾಸ್ಟಿಕ್ ಶೀಟು ಹಾಕಿದರೆ ಒಳ್ಳೆಯದು. ಗಾಳಿಮಳೆಗೆ ಎರಚಲು ಹೊಡೆಯುವ ಬದಿಗೂ ಒಂದು ತುಂಡು ಇಳಿಬಿಡಿ.

ಕೂರುವ ಕೋಲಿಗೆ ಬಿದಿರು, ಅಡಿಕೆ ಮರದ ಸಲಾಕೆ, ಪೇರಳೆ ಕೊಂಬೆ ಮೂರನ್ನೂ ಕಟ್ಟಿ ನೋಡಿದೆ. ಬಿದಿರು ನುಣುಪು, ಒದ್ದೆಯಾದರೆ ಜಾರುತ್ತದೆ. ಅಡಿಕೆ ಸಲಾಕೆ ಅಗಲವಾಗಿ ಚೆನ್ನಾಗಿದೆ, ಆದರೆ ಸಿಬಿರು ಏಳುತ್ತದೆ. ಕಾಲಿಗೆ ಚುಚ್ಚಿದರೆ ಪಾದ ಬಾತು ಕುಂಟುತ್ತವೆ, ಚೆನ್ನಾಗಿ ಕೆತ್ತಿ ನಯ ಮಾಡದೆ ಹಾಕಬೇಡಿ. ಸಂಜೆ ಹೇಂಟೆಗಳು ತಾವಾಗಿ ಹತ್ತಿ ಕೂರುವುದು ಪೇರಳೆ ಕೊಂಬೆಯ ಮೇಲೆ. 4-5 ಸೆಂಟಿಮೀಟರ್ ದಪ್ಪದ್ದು ಸಾಕು, ಒಂದಕ್ಕೆ ಒಂದು ಗೇಣು ಜಾಗ. ಬೇರೆ ಬೇರೆ ಎತ್ತರದಲ್ಲಿ ಕಟ್ಟಿದರೆ ಹೆದರುವ ಕೋಳಿಗೆ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ.

ಇನ್ನು ಹೊತ್ತು ಕಳೆಯುವ ಸಾಮಾನುಗಳು. ಕನ್ನಡಿ ತೂಗಿಸಿ ಅನ್ನುತ್ತಾರೆ. ನಮ್ಮ ಹುಂಜ ಅದರ ಜೊತೆ ಜಗಳಕ್ಕೇ ನಿಂತಿತು, ತೆಗೆದೆ. ಕ್ಯಾಬೇಜು ಅಥವಾ ನುಗ್ಗೆ ಸೊಪ್ಪಿನ ಕಟ್ಟು ತೂಗಿಸುವುದು ಒಳ್ಳೆಯದೇ, ಹಾರಿ ಹಾರಿ ಕುಕ್ಕುತ್ತವೆ. ಆದರೆ ಒಂದೇ ಕಟ್ಟು ಇದ್ದರೆ ಗಟ್ಟಿಗಿತ್ತಿ ಹೇಂಟೆ ಉಳಿದವನ್ನು ಓಡಿಸುತ್ತದೆ, ಎರಡು ಕಡೆ ತೂಗಿಸಿ. ಸೊಳೆ ತೆಗೆದ ಹಲಸಿನ ಸಿಪ್ಪೆ ಹಾಕಿದರೆ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ. ಇವೆಲ್ಲಕ್ಕಿಂತ ಮೇಲು ಸಗಣಿ, ತರಗೆಲೆ, ಅಡುಗೆಮನೆಯ ಸೊಪ್ಪು ಸಿಪ್ಪೆ ಸೇರಿಸಿದ ಗೊಬ್ಬರದ ರಾಶಿ, ಮಾಡಿನ ಅಡಿಯಲ್ಲಿ. ಬೆಳಗ್ಗೆ ನಾನು ಪಿಕ್ಕಾಸಿನಲ್ಲಿ ಒಮ್ಮೆ ಮಗುಚಿದರೆ ಸಂಜೆಯೊಳಗೆ ಅವು ರಾಶಿಯನ್ನೇ ಹರಡಿ ಸಮತಟ್ಟು ಮಾಡಿರುತ್ತವೆ. ನಮ್ಮ ದೊಡ್ಡಮ್ಮ ಬಂದಾಗ ನೋಡಿ, "ಇದಕ್ಕೆ ದುಡ್ಡು ಕೊಟ್ಟು ಆಟದ ಸಾಮಾನು ಯಾಕೆ ಮಗಾ, ಕೆದಕಲಿಕ್ಕೆ ಏನಾದರೂ ಇದ್ದರೆ ಆಯ್ತಲ್ಲ" ಅಂದರು. ನನಗೂ ಹಾಗೇ ಅನ್ನಿಸಿದೆ. ಮರಗೆಣಸಿನ ಹಸಿ ಎಲೆ ಸಿಪ್ಪೆಯನ್ನು ಮಾತ್ರ ಆ ರಾಶಿಗೆ ಹಾಕಬೇಡಿ, ಅದರಲ್ಲಿ ವಿಷದ ಅಂಶ ಇದೆ.

ಬಲೆಯ ಬಗ್ಗೆ ಎರಡೇ ಮಾತು. ಆರು ಮೂಲೆಯ ತೆಳು ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ತಡೆಯುವುದಿಲ್ಲ. ಕೆಳಗಿನ ಎರಡು ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ, ಒಂದಡಿ ಮಣ್ಣೊಳಗೂ ಇಳಿಸಿದರೆ ಮುಂಗುಸಿ ತೋಡಿ ಬರುವುದು ಕಷ್ಟ. ಚಪ್ಪರ ಇಲ್ಲದ ಕಡೆ ಮೇಲುಗಡೆಗೆ ಕುಂಬಳೆ, ಮಂಜೇಶ್ವರ ಕಡೆಯ ಹಳೆ ಮೀನು ಬಲೆ ಸಾಕು.

ಕೋಳಿ ಅಂಗಳ ಅಡಿಕೆ ಮರಗಳ ನಡುವೆ ಇರುವವರು ಇನ್ನೊಂದು ನೋಡಿಕೊಳ್ಳಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಹೊಡೆಯುವ ದಿನ ಕೋಳಿಗಳನ್ನು ಗೂಡಿನಿಂದ ಬಿಡಬೇಡಿ. ನೀರಿನ ಪಾತ್ರೆ ಮುಚ್ಚಿಡಿ. ದ್ರಾವಣದ ಹನಿ ಬಿದ್ದ ಸೊಪ್ಪನ್ನು ಒಳಗೆ ಹಾಕಬೇಡಿ.