ಮೂಗು ತೆಳ್ಳಗಾಗುತ್ತೆ ಅಂದ್ರೆ ನಂಬಿ ಹಲ್ಲಿಗೆ ಟ್ರೇ ಹಾಕಿಸ್ಕೋಬೇಡ್ರಿ

ದಾವಣಗೆರೆಯವರು ಪೂರ್ತಿ ಓದ್ರಿ, ಅದ್ರಲ್ಲೂ ಹೆಣ್ಣುಮಕ್ಕಳು. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ. ಟ್ರೇ ಅಂದ್ರೆ ಹಲ್ಲಿನ ಮೇಲೆ ಕೂರಿಸಿ ಹಲ್ಲಿನ ಸಾಲು ಸರಿ ಮಾಡೋ ಪ್ಲಾಸ್ಟಿಕ್ ಅಚ್ಚು.

ನನಗೆ 27. ಹೆಣ್ಣು ನೋಡೋಕೆ ಬಂದಿದ್ದವರೊಬ್ಬರು "ಮೂಗು ಸ್ವಲ್ಪ ದೊಡ್ಡದಾಯ್ತು" ಅಂದು ಹೋಗಿದ್ರು. ಅದು ಮನಸ್ಸಲ್ಲಿ ಕೊರೀತಾನೇ ಇತ್ತು. ಹಲ್ಲು ಕ್ಲೀನ್ ಮಾಡಿಸೋಕೆ ಅಂತ ಊರಲ್ಲೇ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಹುಡುಗಿ ಪಕ್ಕದಿಂದ ನನ್ನ ಫೋಟೋ ತೆಗೆದು, ಲ್ಯಾಪ್‌ಟಾಪಲ್ಲಿ ಗದ್ದ ಮುಂದಕ್ಕೆ ಎಳೆದು ತೋರಿಸಿದ್ಲು. "ನೋಡ್ರಿ ಅಕ್ಕ, ನಿಮ್ಮ ದವಡೆ ಹಿಂದಿದೆ. ಟ್ರೇ ಹಾಕಿದ್ರೆ ದವಡೆ ಲೈನಿಗೆ ಬರುತ್ತೆ, ಮೂಗು ತಾನಾಗೇ ತೆಳ್ಳಗಾಗುತ್ತೆ." ಆ ಚಿತ್ರದಲ್ಲಿದ್ದದ್ದು ನಂದೇ ಮುಖ, ಆದ್ರೆ ಎಷ್ಟು ಚೆಂದ! ಕಣ್ಣು ಕೀಳೋಕೇ ಆಗ್ಲಿಲ್ಲ. ಅಲ್ಲೇ ನಾನು ಮೋಸ ಹೋದದ್ದು. ಎಕ್ಸ್‌ರೇ ತೆಗೀಲಿಲ್ಲ, ಡಾಕ್ಟ್ರು ಎರಡು ನಿಮಿಷಾನೂ ಕೂರಲಿಲ್ಲ. 70 ಸಾವಿರ, ಅವತ್ತೇ ಕಟ್ಟಿದ್ರೆ 58. ಚೀಟಿ ಎತ್ತಿದ ದುಡ್ಡು, ಅಮ್ಮನಿಗೂ ಹೇಳದೆ ಕಟ್ಟಿದೆ.

ಒಂಬತ್ತು ತಿಂಗಳಾಯ್ತು. ಮೂಗು ಇದ್ದ ಹಾಗೇ ಇದೆ. ಈಗ ಹಿಂದಿನ ದವಡೆ ಹಲ್ಲು ಒಂದಕ್ಕೊಂದು ತಾಗಲ್ಲ. ಮಂಡಕ್ಕಿ ಬಾಯಿಗೆ ಹಾಕ್ಕೊಂಡ್ರೆ ನುರಿಯೋದೇ ಇಲ್ಲ, ಹಾಗೇ ನುಂಗ್ಬೇಕು. ದಾವಣಗೆರೆಯಲ್ಲಿ ಹುಟ್ಟಿ ಮಂಡಕ್ಕಿ ತಿನ್ನೋಕಾಗದ ಸ್ಥಿತಿ!

ಕೇಳೋಕೆ ಹೋದೆ. ಮೊದಲು "ನೀವು ದಿನಕ್ಕೆ 22 ಗಂಟೆ ಹಾಕಿಲ್ಲ" ಅಂದ್ರು. ಹಾಕಿದೀನಿ, ಊಟಕ್ಕೆ ಬಿಟ್ರೆ ತೆಗೆದೇ ಇಲ್ಲ ಅಂದೆ. "ಮೂಗು ಬದಲಾಗುತ್ತೆ ಅಂದಿಲ್ಲ ಮೇಡಂ, ಹಾಗೆ ಕಾಣುತ್ತೆ ಅಂದ್ವಿ" ಅಂದ್ರು. ಅಂದಿಲ್ವಂತೆ! ಅವತ್ತು ಅಕ್ಕ, ಇವತ್ತು ಮೇಡಂ. ಕೊನೆಗೆ "ಫಾರಂಗೆ ಸಹಿ ಹಾಕಿದೀರಲ್ಲ" ಅಂತ ಹೇಳಿ, ಇನ್ನೊಂದು ಸೆಟ್ ಟ್ರೇಗೆ 18 ಸಾವಿರ ಕೇಳಿದ್ರು.

ಆಮೇಲೆ ಡೆಂಟಲ್ ಕಾಲೇಜಿಗೆ ಹೋದೆ. ಊರಲ್ಲೇ ಎರಡು ಕಾಲೇಜು ಇಟ್ಕೊಂಡು ನಾನು ಮೊದಲೇ ಯಾಕೆ ಹೋಗ್ಲಿಲ್ಲವೋ. ಅಲ್ಲಿ ಪಕ್ಕದಿಂದ ತಲೆಯ ಎಕ್ಸ್‌ರೇ ತೆಗೆದು ಬಿಡಿಸಿ ಹೇಳಿದ್ರು. ಕೆಳದವಡೆ ಹಿಂದಿರೋದು ನಿಜ, ಗದ್ದ ಒಳಗಿರೋದಕ್ಕೇ ಪಕ್ಕದಿಂದ ಮೂಗು ದೊಡ್ಡದಾಗಿ ಕಾಣೋದು. ಆದ್ರೆ ಟ್ರೇ ಸರಿಸೋದು ಹಲ್ಲನ್ನ, ಮೂಗನ್ನಲ್ಲ. ಬೆಳೆಯೋ ಮಕ್ಕಳಲ್ಲಾದ್ರೆ ದವಡೆ ಬೆಳವಣಿಗೆಯನ್ನ ಸ್ವಲ್ಪ ತಿದ್ದಬಹುದು, ನನ್ನ ವಯಸ್ಸಲ್ಲಿ ದವಡೆ ಮುಂದೆ ತರೋಕೆ ಆಪರೇಶನ್ನೇ ಬೇಕು. ಮೂಗಿನ ಬುಡ ಕೂತಿರೋದು ಮೇಲ್ದವಡೆ ಮೇಲೆ. ಆ ಮೇಲ್ದವಡೆಯನ್ನ ಆಪರೇಶನ್ ಮಾಡಿ ಮುಂದೆ ತಂದ್ರೆ ಮೂಗಿನ ಹೊಳ್ಳೆ ಅಗಲ ಆಗೋದೇ ಹೆಚ್ಚು, ತುದಿನೂ ಮೇಲೇಳಬಹುದು. ತೆಳ್ಳಗಾಗುತ್ತೆ ಅಂದಿದ್ರಲ್ಲ ಆ ಕ್ಲಿನಿಕ್ಕಿನವರು! ಅರ್ಧ ಸತ್ಯ ಹೇಳಿ ಪೂರ್ತಿ ದುಡ್ಡು ತಗೊಂಡ್ರು.

ತಲೆಯ ಎಕ್ಸ್‌ರೇ ತೆಗೀದೆ ದವಡೆ ಬಗ್ಗೆ ಮಾತಾಡೋರ ಹತ್ರ ಒಂದು ರೂಪಾಯಿನೂ ಕಟ್ಟಬೇಡ್ರಿ. ಹಲ್ಲಿನ ಸಾಲು ಸರಿ ಮಾಡೋದ್ರಲ್ಲೇ (ಆರ್ಥೊಡಾಂಟಿಕ್ಸ್) ಎಂಡಿಎಸ್, ಅಂದ್ರೆ ಹಲ್ಲಿನ ಡಾಕ್ಟ್ರ ಸ್ನಾತಕೋತ್ತರ ಪದವಿ, ಮಾಡಿದವರಾ ಅಂತ ಕೇಳ್ರಿ. ಲ್ಯಾಪ್‌ಟಾಪ್ ಚಿತ್ರ ತೋರಿಸಿದ್ರೆ ಎದ್ದು ಬನ್ರಿ.

ಸೋಮವಾರ ಅಣ್ಣನ್ನ ಕರ್ಕೊಂಡು ಮತ್ತೆ ಹೋಗ್ತಿದೀನಿ. ಅವನಿಗೆ ನಿನ್ನೆ ರಾತ್ರಿ ಎಲ್ಲಾ ಹೇಳಿದೆ. ನನ್ನ ಫೈಲು, ಆ ಚಿತ್ರ, ಎರಡೂ ಕೊಡ್ಲೇಬೇಕು. ಕೊಡದಿದ್ರೆ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕ್ತೀನಿ.